ದಾರಿ ತೋರುವವರು, ದಾರಿ ಹೇಳುವವರು

ವಿಯೆಟ್ನಾಂ ದೇಶದ ವಾಯವ್ಯಕ್ಕೆ, ಚೀನಾದ ಯುನ್ನಾನ್ ಪ್ರಾಂತ್ಯದ ಗಡಿಗೆ ತಾಗಿಕೊಂಡಿರುವ ಲಾವ್ ಕಾಯ್ ಪ್ರಾಂತ್ಯದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ ಸಾಪಾ ಎಂಬ ಪೇಟೆಯಿದೆ. ಪೇಟೆಯ ಒಂದು ಮಗ್ಗುಲಿಗೆ ಹ್ವಾಂಗ್ ಲಿಯೆನ್ ಸನ್ ಪರ್ವತಸಾಲು ಎದ್ದು ನಿಂತಿದ್ದು, ಇಂಡೋಚೀನಾದಲ್ಲೇ ಅತಿ ಎತ್ತರವಾದ ಫಾನ್ಸಿಪಾನ್ ಶಿಖರ (3,143 ಮೀಟರ್) ಅದರ ನೆತ್ತಿಯಾಗಿದೆ; ಇನ್ನೊಂದು ಮಗ್ಗುಲಿಗೆ ನೆಲ ಕಡಿದಾಗಿ ಇಳಿದು ಮುವಾಂಗ್ ಹ್ವಾ ಹೊಳೆಯ ಕಣಿವೆಯಾಗುತ್ತದೆ. ಈ ಕಣಿವೆಯ ಇಳಿಜಾರುಗಳನ್ನು ಹೊಳೆಯ ದಂಡೆಯಿಂದ ಕಾಡಿನ ಅಂಚಿನವರೆಗೂ ಮೆಟ್ಟಿಲು ಗದ್ದೆಗಳು ಆವರಿಸಿವೆ. ಪೇಟೆಯಿಂದ ಹೊರಟು ಯಿ ಲಿನ್ ಹೋ, ಲಾವ್ ಚಾಯ್ ಹಳ್ಳಿಗಳನ್ನು ಹಾದು ತಾ ವಾನ್‌ವರೆಗೆ ಇಳಿಯುವ ಹತ್ತು ಹನ್ನೆರಡು ಕಿಲೋಮೀಟರ್‌ಗಳ ಕಾಲುದಾರಿಯಲ್ಲಿ ಸ್ಥಳೀಯ ಮಾರ್ಗದರ್ಶಕಿಯೊಬ್ಬಳ ಜೊತೆ ನಡೆಯುವುದು ಇಂದು ಆಗ್ನೇಯ ಏಷ್ಯಾದ ಹೆಸರಾಂತ ಚಾರಣಗಳಲ್ಲೊಂದು. ಈ ಮಾರ್ಗದರ್ಶಕಿಯರು ಬಹುಮಟ್ಟಿಗೆ ಹ್ಮಾಂಗ್ ಎಂಬ ಬೆಟ್ಟದ ಸಮುದಾಯದ ಹೆಣ್ಣುಮಕ್ಕಳು.

ಚಾರಣಕ್ಕೆ ಬಂದವರು ನೋಟವನ್ನು ಅರಸಿ ಬಂದಿರುತ್ತಾರೆ. ಮಂಜು ಸರಿದಾಗ ಕಾಣುವ ಹಸಿರು ಮಡಿಕೆಗಳು, ಕಪ್ಪುನೀಲಿ ಉಡುಗೆಯ ಹೆಂಗಸರು, ದೂರದ ಹಂಚಿಲ್ಲದ ಮನೆಗಳು ಅವರ ಕಣ್ಣು ತುಂಬುತ್ತವೆ. ಆದರೆ ಇಲ್ಲಿನ ಯಾವ ಕಾಲುದಾರಿಯೂ ನೋಟಕ್ಕಾಗಿ ಹುಟ್ಟಿದ್ದಲ್ಲ. ಗದ್ದೆಗೆ ನೀರು ಬಿಡಲು ಹೋಗುವವರು, ಕೋಣಗಳನ್ನು ಕಾಡಿಗೆ ಹೊಡೆದುಕೊಂಡು ಹೋಗುವವರು, ಸಂತೆಗೆ ಬುಟ್ಟಿ ಹೊರುವವರು, ಹೆಣ ಹೊತ್ತು ಸಾಗುವವರು ಸವೆಸಿದ ದಾರಿಗಳಿವು. ಒಂದೊಂದು ತಿರುವಿಗೂ ಒಂದೊಂದು ದುಡಿಮೆಯ ಕಾರಣವಿದೆ. ಹೀಗಾಗಿ ಈ ಬೆಟ್ಟದಲ್ಲಿ ದಾರಿ ತೋರುವುದು ಒಂದು ಕೆಲಸವಾದರೆ, ದಾರಿಯನ್ನು ಬಿಡಿಸಿ ಹೇಳುವುದು ಇನ್ನೊಂದು ಕೆಲಸ. ಮೊದಲನೆಯದು ಪ್ರವಾಸೋದ್ಯಮದ ಬೆನ್ನಿಗೆ ಬಂದ ಹೊಸ ಕಸುಬು. ಎರಡನೆಯದು ಹ್ಮಾಂಗ್ ಜನರ ಬದುಕಿನಲ್ಲಿ, ಅದರಲ್ಲೂ ಸಾವಿನ ಆಚರಣೆಯಲ್ಲಿ, ಬಹಳ ಹಿಂದಿನಿಂದಲೂ ನೆಲೆಯೂರಿರುವ ವಿದ್ಯೆ.

ಎತ್ತರದ ಏಣಿಯಲ್ಲಿ ಜನವಸತಿ

ವಿಯೆಟ್ನಾಂ ಸರ್ಕಾರ ಅಧಿಕೃತವಾಗಿ ಗುರುತಿಸಿರುವ ಜನಾಂಗಗಳು 54. ಬಯಲುಸೀಮೆಯ ಬಹುಸಂಖ್ಯಾತರನ್ನು ಕಿನ್ ಎನ್ನುತ್ತಾರೆ. ಉತ್ತರದ ಬೆಟ್ಟಗಳಲ್ಲಿ ಉಳಿದ ಸಮುದಾಯಗಳು ಏಣಿಯ ಮೆಟ್ಟಿಲುಗಳ ಮೇಲೆ ನಿಂತಂತೆ ಬೇರೆ ಬೇರೆ ಎತ್ತರಗಳಲ್ಲಿ ನೆಲೆಸಿವೆ. ಕಣಿವೆಯ ತಳದಲ್ಲಿ, ಹೊಳೆಯ ಬದಿಯ ಅಗಲವಾದ ಗದ್ದೆಗಳ ಪಕ್ಕದಲ್ಲಿ ತಾಯ್ ಮತ್ತು ಝಾಯ್ ಜನರಿದ್ದಾರೆ. ಅದಕ್ಕಿಂತ ಮೇಲೆ ಝಾವ್ ಜನರೂ ಹ್ಮಾಂಗ್ ಜನರೂ ಇದ್ದಾರೆ. ಲಾವ್ ಚಾಯ್ ಹ್ಮಾಂಗ್ ಊರಾದರೆ ಅದರಾಚೆಯ ತಾ ವಾನ್‌ನಲ್ಲಿ ಝಾಯ್ ಜನ ಹೆಚ್ಚು. ಇನ್ನೂ ಕೆಳಗಿನ ಬಾನ್ ಹೋ ತಾಯ್ ಜನರದು. ತಾಯ್ ಮನೆ ಕಂಬಗಳ ಮೇಲೆ ನೆಲದಿಂದ ಎತ್ತರಕ್ಕೆ ನಿಂತರೆ, ಹ್ಮಾಂಗ್ ಮನೆ ಚಳಿಗೆ ಹೆದರಿದಂತೆ ಮಣ್ಣಿನ ನೆಲಕ್ಕೇ ಕವುಚಿ ಕೂತಿರುತ್ತದೆ. ಗೋಡೆ ಹಲಗೆಯದು, ಹಳೆಯ ಮನೆಗಳಲ್ಲಿ ಚಾವಣಿಗೂ ಮರದ ಸೀಳುಗಳನ್ನೇ ಹೊದಿಸಿರುತ್ತಾರೆ, ಒಲೆಯ ಹೊಗೆಯಾಡುವ ಅಟ್ಟದಲ್ಲಿ ಮುಸುಕಿನ ಜೋಳ ಒಣಗುತ್ತಿರುತ್ತದೆ. ಅರ್ಧ ದಿನದ ಇಳಿಜಾರು ನಡಿಗೆಯಲ್ಲಿ ಮೂರು ನಾಲ್ಕು ಭಾಷೆ, ಮೂರು ನಾಲ್ಕು ಉಡುಗೆ ಎದುರಾಗುವುದಕ್ಕೆ ಈ ಏಣಿಯೇ ಕಾರಣ.

2019ರ ಜನಗಣತಿಯ ಪ್ರಕಾರ ವಿಯೆಟ್ನಾಂನಲ್ಲಿ ಹ್ಮಾಂಗ್ ಜನರ ಸಂಖ್ಯೆ ಸುಮಾರು 13.9 ಲಕ್ಷ. ಅವರ ಮೂಲ ನೆಲೆ ದಕ್ಷಿಣ ಚೀನಾ. ಅಲ್ಲಿ ಭೂಮಿಯ ಇಕ್ಕಟ್ಟು, ತೆರಿಗೆಯ ಭಾರ, ಸಾಮ್ರಾಜ್ಯದ ಸೇನೆಯೊಡನೆ ನಡೆದ ಕಾದಾಟಗಳು ಹೆಚ್ಚಿದಂತೆ, ಮುಖ್ಯವಾಗಿ 18 ಮತ್ತು 19ನೇ ಶತಮಾನಗಳಲ್ಲಿ, ಅವರು ಗುಂಪುಗುಂಪಾಗಿ ದಕ್ಷಿಣಕ್ಕೆ ಸರಿದು ವಿಯೆಟ್ನಾಂ, ಲಾವೋಸ್, ಥಾಯ್ಲೆಂಡ್‌ಗಳ ಬೆಟ್ಟಗಳನ್ನು ಸೇರಿದರು. ಕಣಿವೆಯ ತಳ ಆಗಲೇ ಬೇರೆಯವರ ಪಾಲಾಗಿದ್ದರಿಂದ ಕೊನೆಗೆ ಬಂದವರಿಗೆ ಎತ್ತರ ದಕ್ಕಿತು. ಚೀನೀಯರು ಮಿಯಾವ್ ಎಂದೂ ಇತರರು ಮೇವ್ ಎಂದೂ ಕರೆದದ್ದನ್ನು ಈ ಜನ ಹೀಯಾಳಿಕೆಯೆಂದೇ ಭಾವಿಸುತ್ತ ಬಂದಿದ್ದು, ತಮ್ಮನ್ನು ತಾವು ಕರೆದುಕೊಳ್ಳುವುದು ಹ್ಮಾಂಗ್ ಎಂದೇ. ಹೆಂಗಸರ ಉಡುಗೆಯ ಬಣ್ಣವನ್ನು ನೋಡಿ ಕಪ್ಪು ಹ್ಮಾಂಗ್, ಬಿಳಿ ಹ್ಮಾಂಗ್, ಹೂವಿನ ಹ್ಮಾಂಗ್ ಮುಂತಾಗಿ ಒಳಗುಂಪುಗಳನ್ನು ಹೆಸರಿಸುತ್ತಾರೆ. ಸಾಪಾದ ಸುತ್ತ ಇರುವವರು ಕಪ್ಪು ಹ್ಮಾಂಗ್. ಇದಲ್ಲದೆ ಪ್ರತಿಯೊಬ್ಬರಿಗೂ ಬಳಿ ಇದೆ. ಒಂದೇ ಬಳಿಯವರು ಎಷ್ಟೇ ದೂರದ ಊರಿನವರಾಗಿದ್ದರೂ ಅಣ್ಣತಮ್ಮಂದಿರೆಂದು ಲೆಕ್ಕ, ಅವರೊಳಗೆ ಮದುವೆ ನಿಷಿದ್ಧ.

ಆಗ್ನೇಯ ಏಷ್ಯಾದ ಈ ಎತ್ತರದ ಸೀಮೆಗೆ ವಿಲ್ಲೆಮ್ ವಾನ್ ಷೆಂಡೆಲ್ ಎಂಬ ವಿದ್ವಾಂಸರು 2002ರಲ್ಲಿ ‘ಝೋಮಿಯಾ’ ಎಂದು ಹೆಸರಿಟ್ಟರು. 2009ರಲ್ಲಿ ಅಮೆರಿಕದ ಜೇಮ್ಸ್ ಸಿ. ಸ್ಕಾಟ್ ಆ ಹೆಸರನ್ನೆತ್ತಿಕೊಂಡು, ಬೆಟ್ಟದ ಜನ ಹಿಂದುಳಿದವರಲ್ಲ, ಬಯಲಿನ ರಾಜ್ಯಗಳ ತೆರಿಗೆ, ಬಿಟ್ಟಿ, ಸೈನ್ಯಗಳಿಂದ ಬೇಕೆಂದೇ ದೂರ ಸರಿದವರು ಎಂದು ವಾದಿಸಿದರು. ನೀರಾವರಿ ಭತ್ತ ರಾಜ್ಯಗಳ ಬೆಳೆ. ಅದು ಒಂದೇ ಕಡೆ, ಒಂದೇ ಕಾಲಕ್ಕೆ ಮಾಗುವುದರಿಂದ ಕಂದಾಯದವನಿಗೆ ಲೆಕ್ಕ ಸುಲಭ. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವಾದರೆ ಜನರ ಜೊತೆ ತಾನೂ ಜಾಗ ಬದಲಿಸುತ್ತದೆ ಎಂಬುದು ಅವರ ತರ್ಕದ ಒಂದು ಎಳೆ. ಸಾಪಾದ ಹ್ಮಾಂಗ್ ಜನ ಈ ತರ್ಕಕ್ಕೆ ಪೂರ್ತಿ ಒಗ್ಗುವುದಿಲ್ಲ. ಅಲೆಮಾರಿ ಬೇಸಾಯದವರೆಂದು ಹೆಸರು ಪಡೆದ ಇದೇ ಜನ, ತಲೆಮಾರುಗಳ ಕಾಲ ಒಂದೇ ಇಳಿಜಾರಿಗೆ ಅಂಟಿಕೊಂಡು, ಬಯಲಿನ ಬೆಳೆಯನ್ನೇ ಬೆಟ್ಟಕ್ಕೆ ಹತ್ತಿಸಿದ್ದಾರೆ.

ನೀರನ್ನು ಹಿಡಿದು ನಿಲ್ಲಿಸುವ ವಿದ್ಯೆ

ಮೆಟ್ಟಿಲು ಗದ್ದೆ ಹ್ಮಾಂಗ್ ಜನರ ಸ್ವತ್ತೇನಲ್ಲ. ಯುನ್ನಾನ್‌ನ ಹಾನಿ ಜನರ ಗದ್ದೆಗಳು 2013ರಲ್ಲಿ, ಫಿಲಿಪ್ಪೀನ್ಸ್‌ನ ಇಫುಗಾವ್ ಜನರ ಗದ್ದೆಗಳು 1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಸಾಪಾದ ಗದ್ದೆಗಳಿಗೆ ವಿಯೆಟ್ನಾಂ ಸರ್ಕಾರವೂ 2013ರಲ್ಲಿ ರಾಷ್ಟ್ರೀಯ ಪರಂಪರೆಯ ಮನ್ನಣೆ ನೀಡಿತು. ಎಲ್ಲ ಕಡೆಯೂ ಮೂಲ ಸೂತ್ರ ಒಂದೇ. ಮಣ್ಣು ಆಳವಾಗಿರುವ, ಮೇಲಿನ ತೊರೆಯ ನೀರು ತನ್ನಷ್ಟಕ್ಕೆ ಇಳಿದು ತಲುಪುವ ಇಳಿಜಾರನ್ನು ಆರಿಸಿ, ಗುದ್ದಲಿಯಿಂದ ಮೇಲ್ಬದಿಯ ಮಣ್ಣನ್ನು ಕಡಿದು ಕೆಳಬದಿಗೆ ಎಳೆದು, ಅಂಚಿಗೆ ಬದು ಕಟ್ಟುತ್ತಾರೆ. ಮಟ್ಟ ನೋಡಲು ಉಪಕರಣ ಬೇಕಿಲ್ಲ. ನೀರು ಬಿಟ್ಟರೆ ತಗ್ಗು ದಿಬ್ಬಗಳು ತಾವೇ ಕಾಣುತ್ತವೆ. ನೀರು ನಿಲ್ಲಿಸಿ ಉತ್ತು, ಕೋಣಗಳ ಗೊರಸಿನಲ್ಲಿ ತುಳಿಸಿ ಕೆಸರು ಮಾಡಿದಾಗ, ನಯವಾದ ಮಣ್ಣು ತಳಕ್ಕಿಳಿದು ಗಟ್ಟಿಯಾದ ಪದರವಾಗುತ್ತದೆ. ಬೆಟ್ಟದ ನೆಲ ಬಾಣಲೆಯಂತೆ ನೀರು ಹಿಡಿದಿಟ್ಟುಕೊಳ್ಳುವುದು ಈ ಪದರದ ಬಲದಿಂದ, ಮತ್ತು ಅದು ವರ್ಷವರ್ಷದ ಉಳುಮೆಯಿಂದ ಮಾತ್ರ ಉಳಿಯುತ್ತದೆ.

ಬದುವಿನಲ್ಲಿ ಬಿಟ್ಟ ಸಣ್ಣ ಕಂಡಿಯಿಂದ ಮೇಲಿನ ಗದ್ದೆಯ ಹೆಚ್ಚಿನ ನೀರು ಕೆಳಗಿನ ಗದ್ದೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ ಇಳಿಯುತ್ತದೆ. ಒಬ್ಬನ ಕಂಡಿ ಇನ್ನೊಬ್ಬನ ಕಾಲುವೆ ಎಂಬಂತಹ ಈ ಏರ್ಪಾಡಿನಲ್ಲಿ ನೆರೆಹೊರೆಯ ಒಪ್ಪಂದವಿಲ್ಲದೆ ಒಂದು ಗದ್ದೆಯೂ ತುಂಬುವುದಿಲ್ಲ. ಚಾರಣಿಗನೊಬ್ಬ ಬದುವಿನ ತುದಿಯನ್ನು ತುಳಿದು ಕುಸಿಸಿದರೆ ಕೆಡುವುದು ಒಂದು ಗದ್ದೆಯಷ್ಟೇ ಅಲ್ಲ ಎಂಬುದಕ್ಕೂ, ಮಾರ್ಗದರ್ಶಕಿ ಹಿಂದೆ ಬರುವವರ ಹೆಜ್ಜೆಯನ್ನು ಮತ್ತೆ ಮತ್ತೆ ಗಮನಿಸುವುದಕ್ಕೂ ಇದೇ ಕಾರಣ. ಮಲೆನಾಡಿನ ಒಂಟಿಮನೆಗಳಿಗೆ ಅಬ್ಬಿ ನೀರನ್ನು ಅಡಿಕೆ ದಬ್ಬೆಯಲ್ಲಿ ಹರಿಸುತ್ತಿದ್ದಂತೆ, ಇಲ್ಲಿ ತೊರೆಯ ನೀರು ಸೀಳಿದ ಬಿದಿರಿನಲ್ಲಿ ಹಳ್ಳ ದಾಟಿ ಗದ್ದೆಗೂ ಮನೆಗೂ ಬರುತ್ತದೆ. ಅದೇ ನೀರು ಭತ್ತವನ್ನೂ ಕುಟ್ಟುತ್ತದೆ: ಏತದಂತೆ ನಡುವೆ ಕೀಲಿರುವ ದಪ್ಪ ತೊಲೆಯ ಒಂದು ತುದಿಯನ್ನು ದೋಣಿಯಾಗಿ ಕೊರೆದು ಇನ್ನೊಂದು ತುದಿಗೆ ಒನಕೆ ಸಿಕ್ಕಿಸಿರುತ್ತಾರೆ, ದೋಣಿ ತುಂಬಿದಾಗ ಬಗ್ಗುತ್ತದೆ, ಒನಕೆ ಏಳುತ್ತದೆ, ನೀರು ಚೆಲ್ಲಿದಾಗ ಒನಕೆ ಒರಳಿಗೆ ಬೀಳುತ್ತದೆ. ಅಕ್ಕಿ ಗಿರಣಿಗಳು ಬಂದ ಮೇಲೆ ಇಂತಹ ಒನಕೆಗಳಲ್ಲಿ ಹಲವು ಪ್ರವಾಸಿಗರಿಗೆ ತೋರಿಸಲೆಂದೇ ಉಳಿದುಕೊಂಡಿವೆ.

ಈ ಎತ್ತರದ ಚಳಿಯಲ್ಲಿ ವರ್ಷಕ್ಕೆ ಒಂದೇ ಭತ್ತದ ಬೆಳೆ ಸಾಧ್ಯ. ಏಪ್ರಿಲ್–ಮೇ ತಿಂಗಳಲ್ಲಿ ಗದ್ದೆಗೆ ನೀರು ಬಿಡುತ್ತಾರೆ. ಆಗ ಇಡೀ ಇಳಿಜಾರು ಕನ್ನಡಿಯ ಚೂರುಗಳನ್ನು ಜೋಡಿಸಿಟ್ಟಂತೆ ಹೊಳೆಯುತ್ತದೆ. ಮೇ–ಜೂನ್‌ನಲ್ಲಿ ನಾಟಿ, ಸೆಪ್ಟೆಂಬರ್ ಹೊತ್ತಿಗೆ ಕೊಯ್ಲು. ಕೊಯ್ದ ಕಟ್ಟುಗಳನ್ನು ಗದ್ದೆಯಲ್ಲೇ ಬಡಿದು ಕಾಳು ಬಿಡಿಸಿ, ಚೀಲಗಳನ್ನು ಬೆನ್ನ ಮೇಲೆ ಮನೆಗೆ ಹೊರುತ್ತಾರೆ. ಆಮೇಲಿನ ತಿಂಗಳುಗಳಲ್ಲಿ ಗದ್ದೆ ಬರೀ ಕೂಳೆ; ಚಳಿ ಮಿತಿ ಮೀರಿದ ವರ್ಷಗಳಲ್ಲಿ, 2008ರ ಆರಂಭದ ದೀರ್ಘ ಶೀತದಲ್ಲಿ ಆದಂತೆ, ಕೋಣಗಳು ಸತ್ತುಹೋಗುತ್ತವೆ, ಮುಂದಿನ ಉಳುಮೆಯೇ ಪ್ರಶ್ನೆಯಾಗುತ್ತದೆ.

ಒಂದೇ ಬೆಳೆಯ ಈ ಲೆಕ್ಕವೇ ಹ್ಮಾಂಗ್ ಮನೆಗೆ ನಗದು ಬೇಕಾದ ಕಥೆಯನ್ನೂ ಹೇಳುತ್ತದೆ. ಫ್ರೆಂಚ್ ವಸಾಹತು ಆಡಳಿತ ಅಫೀಮಿನ ವ್ಯಾಪಾರವನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡು ಬೆಟ್ಟದವರಿಂದ ಕೊಳ್ಳುತ್ತಿತ್ತು. 1990ರ ದಶಕದ ಆರಂಭದಲ್ಲಿ ವಿಯೆಟ್ನಾಂ ಸರ್ಕಾರ ಅಫೀಮು ಕೊಡುವ ಗಸಗಸೆ ಬೆಳೆಯುವುದನ್ನು ನಿಲ್ಲಿಸಿತು. ಅದರ ಜಾಗಕ್ಕೆ ಬಂದದ್ದು ಕಾಡಿನ ನೆರಳಲ್ಲಿ ಬೆಳೆಯುವ ದೊಡ್ಡ ಕಪ್ಪು ಏಲಕ್ಕಿ. ಅದಕ್ಕೆ ಹಿಮದ ಭಯ, ದರದ ಏರಿಳಿತದ ಭಯ. ಇದೇ ಕಾಲದಲ್ಲಿ ಸರ್ಕಾರದ ಉತ್ತೇಜನದಿಂದ ಹೈಬ್ರಿಡ್ ಭತ್ತ ಹರಡಿ ಇಳುವರಿ ಏರಿತು. ಆದರೆ ಹೈಬ್ರಿಡ್ ಬೀಜವನ್ನು ಕಣಜದಿಂದ ಎತ್ತಿ ಮರಳಿ ಬಿತ್ತಿದರೆ ಅದೇ ಫಸಲು ಬರುವುದಿಲ್ಲವಾದ್ದರಿಂದ ಪ್ರತಿವರ್ಷ ಬೀಜವನ್ನೂ ಗೊಬ್ಬರವನ್ನೂ ಹಣ ಕೊಟ್ಟು ತರಬೇಕಾಯಿತು. ಹೊಟ್ಟೆ ತುಂಬಿಸುವ ಗದ್ದೆಯೇ ಹಣ ಕೇಳಲು ಶುರುಮಾಡಿದಾಗ ಮನೆಯ ಹೆಂಗಸರು ಬುಟ್ಟಿ ಹೊತ್ತು ಪೇಟೆಯ ದಾರಿ ಹಿಡಿದರು.

ಕೈಗಂಟುವ ನೀಲಿ

ಆ ಬುಟ್ಟಿಯಲ್ಲಿದ್ದದ್ದು ಬಟ್ಟೆ. ಹ್ಮಾಂಗ್ ಹೆಂಗಸರ ನೂಲು ಹತ್ತಿಯದಲ್ಲ. ಭಂಗಿ ಗಿಡದ ಜಾತಿಗೇ ಸೇರಿದ, ನಾರಿಗಾಗಿ ಬೆಳೆಸುವ ತಳಿಯದು. ಕವಲೊಡೆಯದೆ ನೆಟ್ಟಗೆ ಬೆಳೆಯಲೆಂದು ಬೀಜವನ್ನು ಒತ್ತೊತ್ತಾಗಿ ಬಿತ್ತಿ, ಎರಡು ಮೂರು ತಿಂಗಳಲ್ಲಿ ಕೊಯ್ದು ಒಣಗಿಸಿ, ತೊಗಟೆ ಸುಲಿದು ನಾರನ್ನು ಎಳೆಎಳೆಯಾಗಿ ಸೀಳುತ್ತಾರೆ. ನಾರಿನ ತುದಿಗೆ ತುದಿ ಹೊಸೆದು ಉದ್ದ ಮಾಡುವ ಕೆಲಸಕ್ಕೆ ಕಣ್ಣು ಬೇಕಿಲ್ಲ, ಬೆರಳು ಸಾಕು. ಆದ್ದರಿಂದ ಹೆಂಗಸರು ನಡೆಯುತ್ತಲೇ, ಮಾತಾಡುತ್ತಲೇ, ಚಾರಣಿಗರ ಜೊತೆ ಇಳಿಜಾರು ಇಳಿಯುತ್ತಲೇ ಅದನ್ನು ಮಾಡುತ್ತಿರುತ್ತಾರೆ. ನೂತ ನೂಲನ್ನು ಬೂದಿ ನೀರಿನಲ್ಲಿ ಬೇಯಿಸಿ ಬಿಳುಪಾಗಿಸಿ, ನೇಯ್ದ ಬಟ್ಟೆಯನ್ನು ಮರದ ದಿಮ್ಮಿಯ ಮೇಲೆ ಹಾಸಿ, ಅದರ ಮೇಲೊಂದು ನಯವಾದ ಕಲ್ಲಿಟ್ಟು, ಕಲ್ಲಿನ ಮೇಲೆ ಕಾಲಿಟ್ಟು ತೂಗಾಡಿ ಉಜ್ಜಿ ಹೊಳಪು ತರುತ್ತಾರೆ.

ಬಣ್ಣಕ್ಕೆ ಬಳಸುವ ಗಿಡ ಸ್ಟ್ರೊಬಿಲಾಂತಿಸ್ ಕುಲದ್ದು. ನಮ್ಮ ಬಯಲುಸೀಮೆಯ ನೀಲಿ ಗಿಡ ಅವರೆ–ತೊಗರಿಗಳ ಬಳಗದ್ದಾದರೆ, ಸಾಪಾದ ನೀಲಿ ಗಿಡ ಪಶ್ಚಿಮಘಟ್ಟದ ಬೆಟ್ಟಗಳನ್ನು ವರ್ಷಗಟ್ಟಲೆ ಕಾಯಿಸಿ ಒಮ್ಮೆಲೇ ನೀಲಿಯಾಗಿಸುವ ಕುರಿಂಜಿಯ ದಾಯಾದಿ. ಎಲೆಗಳನ್ನು ಕೆಲವು ದಿನ ನೀರಿನಲ್ಲಿ ಕೊಳೆಹಾಕಿ, ಸೋಸಿ, ಸುಣ್ಣ ಬೆರೆಸಿ ಕಡೆದಾಗ ನೀಲಿ ಬಗ್ಗಡ ತಳಕ್ಕಿಳಿಯುತ್ತದೆ. ಅದಕ್ಕೆ ಬೂದಿ ನೀರು, ಅಕ್ಕಿಯ ಸಾರಾಯಿ ಸೇರಿಸಿ ಹುದುಗಿಸಿದ ಬಾನಿಯಲ್ಲಿ ಬಟ್ಟೆಯನ್ನು ವಾರಗಟ್ಟಲೆ ಅದ್ದಿ ಅದ್ದಿ ಒಣಗಿಸಿದರೆ ನೀಲಿಯ ಮೇಲೆ ನೀಲಿ ಕೂತು ಕಪ್ಪಾಗುತ್ತದೆ. ‘ಕಪ್ಪು ಹ್ಮಾಂಗ್’ ಎಂಬ ಹೆಸರಿನ ಕಪ್ಪು ಇದೇ. ಹೊಸ ಬಟ್ಟೆಯ ಬಣ್ಣ ಮೈಗೆ ಹತ್ತುವುದರಿಂದ, ಅದ್ದುವವರ ಅಂಗೈ ತಿಂಗಳುಗಟ್ಟಲೆ ನೀಲಿಯಾಗಿಯೇ ಇರುತ್ತದೆ. ಪೇಟೆಯ ಅಂಗಡಿಗಳಲ್ಲಿ ಯಂತ್ರದಲ್ಲಿ ಅಚ್ಚಾದ ಹ್ಮಾಂಗ್ ವಿನ್ಯಾಸಗಳ ರಾಶಿಯೇ ಇದ್ದು, ಕೈಬಟ್ಟೆಯನ್ನು ಗುರುತಿಸಲು ಅದನ್ನು ಮಾರುವವಳ ಬೆರಳನ್ನು ನೋಡುವುದೇ ಒಳ್ಳೆಯ ಪರೀಕ್ಷೆ.

ಸತ್ತವರಿಗೆ ದಾರಿ

ಈ ನಾರುಬಟ್ಟೆಗೆ ಸಂತೆಯ ಆಚೆಗೂ ಒಂದು ಕೆಲಸವಿದೆ. ಸತ್ತವರಿಗೆ ಇದನ್ನೇ ಉಡಿಸಬೇಕು, ಇಲ್ಲದಿದ್ದರೆ ಹಿರಿಯರು ಗುರುತು ಹಿಡಿಯಲಾರರು ಎಂಬುದು ಹ್ಮಾಂಗ್ ನಂಬಿಕೆ. ಸಾವಿನ ಮನೆಯಲ್ಲಿ ಬಲ್ಲವರೊಬ್ಬರು ‘ಖುವಾ ಕೇ’ ಎಂಬ ದೀರ್ಘ ಹಾಡನ್ನು ಹೇಳುತ್ತಾರೆ. ಹ್ಮಾಂಗ್ ಭಾಷೆಯಲ್ಲಿ ‘ಕೇ’ ಎಂದರೆ ದಾರಿ, ‘ಖುವಾ’ ಎಂದರೆ ತಿಳಿಹೇಳುವುದು. ಒಟ್ಟಿನಲ್ಲಿ ಇದು ಸತ್ತವರಿಗೆ ದಾರಿ ಹೇಳಿಕೊಡುವ ಹಾಡು. ಆ ಮನುಷ್ಯ ಬದುಕಿದ್ದಾಗ ನೆಲೆಸಿದ್ದ ಊರುಗಳನ್ನು ಹಿಂದಿನಿಂದ ಮುಂದಕ್ಕಲ್ಲದೆ ಕೊನೆಯದರಿಂದ ಮೊದಲಿನದಕ್ಕೆ ಒಂದೊಂದಾಗಿ ಹೆಸರಿಸುತ್ತ, ಆತ್ಮವನ್ನು ಹುಟ್ಟಿದ ಮನೆಯವರೆಗೆ ಕರೆದೊಯ್ಯುತ್ತಾರೆ. ಅಲ್ಲಿ ಹೂತಿಟ್ಟ ಮಾಸನ್ನು, ಅಂದರೆ ಹೆರಿಗೆಯ ಕಸವನ್ನು, ಆತ್ಮ ಮರಳಿ ತೊಟ್ಟುಕೊಳ್ಳಬೇಕು. ಗಂಡುಮಗುವಿನದನ್ನು ಮನೆಯ ನಡುಗಂಬದ ಬುಡದಲ್ಲಿ, ಹೆಣ್ಣುಮಗುವಿನದನ್ನು ತಾಯಿತಂದೆಯರ ಮಂಚದ ಕೆಳಗೆ ಹೂಳುವುದು ರೂಢಿ. ಹ್ಮಾಂಗ್ ಮಾತಿನಲ್ಲಿ ಮಾಸಿಗೂ ಅಂಗಿಗೂ ಒಂದೇ ಪದ. ಹುಟ್ಟುವಾಗ ಕಳಚಿದ ಅಂಗಿಯನ್ನು ಮತ್ತೆ ತೊಟ್ಟ ಮೇಲೆಯೇ ಹಿರಿಯರ ನೆಲೆಗೆ ಪಯಣ.

ಹಾಡಿನ ಜೊತೆಗೆ ಕೇಂಗ್ ಎಂಬ ವಾದ್ಯ ನುಡಿಯುತ್ತದೆ. ಮರದ ಬುರುಡೆಗೆ ಆರು ಬಿದಿರ ಕೊಳವೆಗಳನ್ನು ಸೇರಿಸಿ ಮಾಡಿದ, ಉಸಿರನ್ನು ಒಳಗೆಳೆದರೂ ಹೊರಬಿಟ್ಟರೂ ದನಿಗೊಡುವ ವಾದ್ಯವಿದು. ಹ್ಮಾಂಗ್ ಸ್ವರಭೇದದ ಭಾಷೆ. ಒಂದೇ ಉಚ್ಚಾರವನ್ನು ಏರುದನಿ, ಇಳಿದನಿ, ಸಮದನಿಗಳಲ್ಲಿ ಹೇಳಿದಾಗ ಅರ್ಥ ಬೇರೆಬೇರೆಯಾಗುತ್ತದೆ, ಇಂತಹ ಏಳೆಂಟು ಸ್ವರಗಳಿವೆ. ಕೇಂಗ್ ವಾದಕ ಈ ಸ್ವರಗಳನ್ನೇ ನುಡಿಸುವುದರಿಂದ ಬಲ್ಲವರಿಗೆ ಅದು ರಾಗವಾಗಿ ಅಲ್ಲ, ಮಾತಾಗಿ ಕೇಳುತ್ತದೆ. ಇಂದು ಹೆಚ್ಚು ಬಳಕೆಯಲ್ಲಿರುವ ರೋಮನ್ ಲಿಪಿ ಹ್ಮಾಂಗ್ ಭಾಷೆಗೆ ಬಂದದ್ದು 1950ರ ದಶಕದಲ್ಲಿ, ಲಾವೋಸ್‌ನಲ್ಲಿದ್ದ ಕ್ರೈಸ್ತ ಮಿಷನರಿಗಳಿಂದ. ಅದಕ್ಕೂ ಮುಂಚೆ, ಬರವಣಿಗೆಯ ಆಸರೆಯಿಲ್ಲದ ವಲಸೆಗಾರರ ಬದುಕಿನಲ್ಲಿ, ನಡೆದು ಬಂದ ದಾರಿಯ ನೆನಪು ಸಾವಿನ ಹಾಡಿನಲ್ಲಿ ಊರ ಹೆಸರುಗಳ ಸಾಲಾಗಿ ಉಳಿದುಬಂತು.

ದಾರಿ ಕಸುಬಾದದ್ದು

ಹೊರಗಿನವರು ಇದೇ ಬೆಟ್ಟಕ್ಕೆ ಗಾಳಿ ಬದಲಾವಣೆಗೆಂದು ಬರತೊಡಗಿದ್ದು 20ನೇ ಶತಮಾನದ ಆದಿಯಲ್ಲಿ. ಹೈಫಾಂಗ್ ಬಂದರಿನಿಂದ ಹನೋಯ್, ಲಾವ್ ಕಾಯ್‌ಗಳ ಮೂಲಕ ಯುನ್ನಾನ್‌ನ ಕುನ್ಮಿಂಗ್‌ವರೆಗೆ ಫ್ರೆಂಚರು ಹಾಕಿದ ರೈಲುಮಾರ್ಗ 1910ರಲ್ಲಿ ಮುಗಿಯಿತು. ಆಮೇಲೆ ಸಾಪಾದಲ್ಲಿ ಸೈನಿಕರ ಆರೋಗ್ಯಧಾಮ, ಬಂಗಲೆಗಳು, ಕಲ್ಲಿನ ಚರ್ಚು ಎದ್ದವು. ಬಳಿಕ ಬಂದ ಯುದ್ಧಗಳಲ್ಲಿ ಗಿರಿಧಾಮ ಪಾಳುಬಿತ್ತು. 1979ರಲ್ಲಿ ಚೀನಾ ಗಡಿ ದಾಟಿ ದಾಳಿಯಿಟ್ಟಾಗ ಈ ಸೀಮೆ ಇನ್ನಷ್ಟು ನಲುಗಿತು. 1986ರ ಆರ್ಥಿಕ ಸುಧಾರಣೆಯ ನಂತರ, 1990ರ ದಶಕದ ಆರಂಭದಲ್ಲಿ, ವಿದೇಶಿ ಪ್ರವಾಸಿಗರಿಗೆ ಸಾಪಾ ಮತ್ತೆ ತೆರೆಯಿತು.

ಆಗ ಬೀದಿಯಲ್ಲಿ ಕಸೂತಿ ಚೀಲ, ಬಳೆ ಮಾರುತ್ತಿದ್ದ ಹ್ಮಾಂಗ್ ಹುಡುಗಿಯರು ಗಿರಾಕಿಗಳ ಬಾಯಿಂದಲೇ ಇಂಗ್ಲಿಷ್ ಕಲಿತರು. ಅಕ್ಷರ ಬಾರದಿದ್ದರೂ ಮಾತು ಸರಾಗವಾಯಿತು. ಬೆನ್ನ ಬುಟ್ಟಿ, ರಬ್ಬರ್ ಬೂಟು, ನೆನಪಿನಲ್ಲಿದ್ದ ಕಾಲುದಾರಿಗಳೇ ಬಂಡವಾಳವಾಗಿ, ಕೆಸರಿನಲ್ಲಿ ಜಾರುವ ಪರದೇಶಿಯ ಕೈಹಿಡಿದು ಇಳಿಸುವುದು ಒಂದು ಕಸುಬಾಯಿತು. 2017ರ ಪ್ರವಾಸೋದ್ಯಮ ಕಾನೂನು ಅಂತರರಾಷ್ಟ್ರೀಯ ಮತ್ತು ದೇಶೀಯ ಮಾರ್ಗದರ್ಶಕರ ಜೊತೆಗೆ ‘ಸ್ಥಳದ ಮಾರ್ಗದರ್ಶಕ’ ಎಂಬ ಮೂರನೆಯ ವರ್ಗವನ್ನೂ ಹೆಸರಿಸಿದೆ. ಶು ತಾನ್ ಎಂಬ ಹ್ಮಾಂಗ್ ಮಹಿಳೆ ಕಟ್ಟಿದ ‘ಸಾಪಾ ಓ ಚಾವ್’ ಸಂಸ್ಥೆ ಚಾರಣದ ಆದಾಯವನ್ನು ಬೆಟ್ಟದ ಮಕ್ಕಳ ಓದಿಗೆ ತಿರುಗಿಸಿದ ಪ್ರಯತ್ನಗಳಲ್ಲಿ ಮುಖ್ಯವಾದದ್ದು. ‘ಓ ಚಾವ್’ ಎಂದರೆ ಹ್ಮಾಂಗ್ ಮಾತಿನಲ್ಲಿ ಕೃತಜ್ಞತೆ.

ಆದರೆ ಹಣದ ಹರಿವು ಗದ್ದೆಯ ನೀರಿನಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದಿಲ್ಲ. 2014ರಲ್ಲಿ ಹನೋಯ್–ಲಾವ್ ಕಾಯ್ ಹೆದ್ದಾರಿ ತೆರೆದು ರಾತ್ರಿಯಿಡೀ ರೈಲಿನಲ್ಲಿ ಕೂರುವ ಪಯಣ ಕೆಲವೇ ಗಂಟೆಗಳಿಗೆ ಇಳಿಯಿತು. 2016ರಲ್ಲಿ 6 ಕಿಲೋಮೀಟರ್‌ಗೂ ಉದ್ದದ ಕೇಬಲ್ ಕಾರ್ ಫಾನ್ಸಿಪಾನ್ ಹತ್ತುವ ಶ್ರಮವನ್ನೇ ತೆಗೆದುಹಾಕಿತು. ಹೋಟೆಲುಗಳು, ವಾಹನಗಳು, ಹಳ್ಳಿಯ ಹಲವು ಹೋಮ್‌ಸ್ಟೇಗಳು ಕೂಡ ಬಂಡವಾಳವುಳ್ಳ ಹೊರಗಿನವರ ಕೈಯಲ್ಲಿದ್ದು, ನೋಟವನ್ನು ಕಟ್ಟಿದವರ ಪಾಲಿಗೆ ದಿನಗೂಲಿ ಉಳಿಯುತ್ತದೆ. ಶಾಲೆಗೆ ಹೋಗಬೇಕಾದ ಮಕ್ಕಳು ಬಳೆ ಮಾರಲು ನಿಲ್ಲುವುದು, ಮುದ್ದಾದ ಮಗುವಿನಿಂದ ಕೊಂಡಷ್ಟೂ ಆ ಮಗು ಶಾಲೆಯಿಂದ ದೂರವಾಗುವುದು ಈ ವ್ಯಾಪಾರದ ಕಹಿ ಮುಖ. ಹೆಣ್ಣುಮಕ್ಕಳ ಬದುಕಿನ ಒಳಬಿಕ್ಕಟ್ಟನ್ನು ಹಾ ಲೆ ಜಿಯೆಮ್ ಎಂಬ ವಿಯೆಟ್ನಾಂ ನಿರ್ದೇಶಕಿ 2021ರ ‘ಚಿಲ್ಡ್ರನ್ ಆಫ್ ದ ಮಿಸ್ಟ್’ ಸಾಕ್ಷ್ಯಚಿತ್ರದಲ್ಲಿ ತೋರಿಸಿದ್ದಾರೆ; ಹುಡುಗಿಯನ್ನು ಮದುವೆಗಾಗಿ ಎಳೆದೊಯ್ಯುವ ಹಳೆಯ ಪದ್ಧತಿಗೂ ಓದಬೇಕೆನ್ನುವ ಹದಿಹರೆಯದ ಹಟಕ್ಕೂ ನಡುವಿನ ಜಗ್ಗಾಟ ಅದರ ವಸ್ತು.

ಸಿಮೆಂಟು ಬಂದ ಮೇಲೆ

ಇತ್ತೀಚಿನ ವರ್ಷಗಳಲ್ಲಿ ಹಳ್ಳಿಗಳ ನಡುವಿನ ಅನೇಕ ಮಣ್ಣಿನ ದಾರಿಗಳಿಗೆ ಸಿಮೆಂಟು ಬಿದ್ದಿದೆ. ಮೋಟಾರ್‌ಬೈಕಿನಲ್ಲಿ ಭತ್ತದ ಚೀಲ ಸಾಗಿಸುವ ರೈತನಿಗೂ, ಆಸ್ಪತ್ರೆಗೆ ಹೋಗಬೇಕಾದ ಬಾಣಂತಿಗೂ ಇದು ದೊಡ್ಡ ಅನುಕೂಲ; ಕೆಸರೇ ಬೇಕೆನ್ನುವುದು ಒಂದು ದಿನ ನಡೆದು ಹೋಗುವವರ ಹಂಬಲವಷ್ಟೆ. ಆದರೆ ಸಿಮೆಂಟಿನ ದಾರಿಯಲ್ಲಿ, ಮೊಬೈಲಿನ ನಕಾಶೆ ಕೈಯಲ್ಲಿರುವಾಗ, ಬರಿದೇ ದಾರಿ ತೋರುವ ಕೆಲಸಕ್ಕೆ ಬೆಲೆ ಇಳಿಯುತ್ತದೆ. ಉಳಿಯುವುದು ದಾರಿ ಹೇಳುವ ಕೆಲಸ: ಯಾವ ತೊರೆ ಯಾವ ಗದ್ದೆಗಳಿಗೆ ನೀರು ಕುಡಿಸುತ್ತದೆ, ಯಾವ ಚಳಿಗಾಲದಲ್ಲಿ ಯಾರ ಕೋಣ ಸತ್ತಿತು, ಈ ಬಳಿಯವರು ಯಾವ ಬೆಟ್ಟ ದಾಟಿ ಬಂದರು ಎಂಬುದನ್ನು ನಕಾಶೆ ಹೇಳುವುದಿಲ್ಲ. ಈ ತಿಳಿವಿಗೆ ನ್ಯಾಯವಾದ ಕೂಲಿ ಸಿಕ್ಕರೆ ಅದು ಬೀಜದ ಹಣವಾಗಿ, ಗೊಬ್ಬರದ ಹಣವಾಗಿ ಮತ್ತೆ ಗದ್ದೆಯನ್ನೇ ಸೇರುತ್ತದೆ. ಸಿಗದಿದ್ದರೆ ಕಿರಿಯರು ಹೋಟೆಲಿನ ಕೆಲಸಕ್ಕೋ ದೂರದ ಕಾರ್ಖಾನೆಗೋ ಹೊರಡುತ್ತಾರೆ. ಕಂಡಿ ಕಟ್ಟುವವರಿಲ್ಲದ ಗದ್ದೆಯ ತಳ ಬಿರಿದು, ಬದು ಜರಿದು, ಕೆಲವೇ ಮಳೆಗಾಲಗಳಲ್ಲಿ ಮೆಟ್ಟಿಲು ಮರಳಿ ಇಳಿಜಾರಾಗುತ್ತದೆ.